ಎರಡೂವರೆ ಸೆಕೆಂಡಿನ ದೆವ್ವ

ವಿಜ್ಞಾನ ಕಥೆಯಲ್ಲಿ ಭಯ ಹುಟ್ಟಿಸಬೇಕಾದರೆ ಮೊದಲು ಓದುಗರಿಗೆ ಒಂಚೂರು ಬೋರ್ ಹೊಡೆಸಬೇಕು. ನಾನು ಹೀಗೆ ಹೇಳಿದಾಗ ಬರೆಯುವ ಗೆಳೆಯರು ಯಾರೂ ಒಪ್ಪಲಿಲ್ಲ. "ಮೊದಲ ಪುಟದಲ್ಲೇ ಹೆಣ ಬೀಳಬೇಕು ಕಣ್ರೀ" ಅಂದವರೇ ಜಾಸ್ತಿ. ಈಗ ಹಾಗೆ ಬರೆದ ನನ್ನದೊಂದು ಕಥೆ ಅಚ್ಚಾಗಿದೆ, ಆಡಿಯೊ ಆಗಿದೆ, ಹಾಕಿದ ದುಡ್ಡೂ ವಾಪಸ್ ಬಂದಿದೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಕಥೆ ನಡೆಯುವುದು ಚಂದ್ರನ ಮೇಲಿನ ಒಂದು ಠಾಣೆಯಲ್ಲಿ. ರಾತ್ರಿ ಪಾಳಿಗೆ ಒಬ್ಬನೇ ಆಳು. ಅಲ್ಲಿಯ ಒಂದು ರಾತ್ರಿ ಅಂದರೆ ನಮ್ಮ ಸುಮಾರು 14 ದಿನ. ಮಾತಿಗೆ ಭೂಮಿಯ ರೇಡಿಯೊ ಬಿಟ್ಟರೆ ಬೇರೆ ಗತಿಯಿಲ್ಲ. ನಡುವಿನ ದೂರ ಹತ್ತಿರ ಹತ್ತಿರ 3,84,000 ಕಿಲೋಮೀಟರ್. ಮಾತು ಹೋಗುವುದಕ್ಕೆ 1.3 ಸೆಕೆಂಡು, ಬರುವುದಕ್ಕೆ ಇನ್ನೊಂದು 1.3. ಆ ಕಡೆಯವರು ಎಷ್ಟೇ ಚುರುಕಾಗಿ ಉತ್ತರ ಕೊಟ್ಟರೂ ಸುಮಾರು 2.6 ಸೆಕೆಂಡಿಗೆ ಮೊದಲು ಅವನ ಕಿವಿಗೆ ಬೀಳುವ ಹಾಗೇ ಇಲ್ಲ. ಒಂದು ದಿನ ಅವನು ಏನೋ ಕೇಳುತ್ತಾನೆ. ಅದೇ ದನಿ, ಅದೇ ಸಲುಗೆ. ಆದರೆ ಉತ್ತರ ತಕ್ಷಣ ಬರುತ್ತದೆ.

ಇಷ್ಟೇ ಕಥೆ. ರಕ್ತ ಇಲ್ಲ, ಕೋರೆಹಲ್ಲು ಇಲ್ಲ.

ಹೊಳೆದಾಗ ಕುಣಿದಾಡುವ ಹಾಗಾಗಿತ್ತು. ಬರೆದಾಗ ಮಕಾಡೆ ಮಲಗಿತು. ಈ 2.6 ಸೆಕೆಂಡಿನ ಅಂತರ ಓದುಗರಿಗೆ ಮೊದಲೇ ಗೊತ್ತಿರಬೇಕಲ್ಲ? ಒಬ್ಬ ವಿಜ್ಞಾನಿಯನ್ನು ತಂದು ಲೆಕ್ಕ ಹೇಳಿಸಿದೆ. ಭಯ ಬೀಳಬೇಕಾದ ಜಾಗದಲ್ಲಿ ಓದುಗರು ಭಾಗಾಕಾರ ಮಾಡುತ್ತಾ ಕೂತರು. ವಿಜ್ಞಾನಿಯನ್ನು ತೆಗೆದು ಚುಕ್ಕಿಗಳನ್ನು ಇಟ್ಟೆ. ಆಮೇಲೆ ಖಾಲಿ ಸಾಲು ಬಿಟ್ಟೆ. "ಟೈಪಿಂಗ್‌ನಲ್ಲಿ ಏನೋ ಬಿಟ್ಟುಹೋಗಿದೆ" ಅಂತ ಒಂದು ಪತ್ರಿಕೆಯಿಂದ ವಾಪಸ್ ಬಂತು. ಉಳಿದವರು ಉತ್ತರವನ್ನೇ ಕೊಡಲಿಲ್ಲ.

ಬೇಜಾರಾಗಿ ಕಥೆ ಪಕ್ಕಕ್ಕಿಟ್ಟು, ಸುಮ್ನೆ ಆ ಪಾಳಿಯವನ ಡ್ಯೂಟಿ ರಿಜಿಸ್ಟರ್ ಬರೆಯತೊಡಗಿದೆ. ಗಾಳಿಯ ಒತ್ತಡ ಎಷ್ಟು, ಯಾವ ಫಿಲ್ಟರ್ ಕಟ್ಟಿಕೊಂಡಿದೆ, ಯಾರು ಸಹಿ ಹಾಕಿಲ್ಲ. ಹತ್ತಿಪ್ಪತ್ತು ಪುಟ ಆಗಿರಬಹುದು. ತುಂಬಾ ಕಡೆ ಧೂಳಿನ ಗೊಣಗಾಟ. ಚಂದ್ರನ ಧೂಳು ಚೂಪು, ಹತ್ತಿದ್ದಕ್ಕೆಲ್ಲ ಅಂಟುತ್ತದೆ. ಅಪೊಲೊ ಯಾತ್ರಿಗಳು ನೌಕೆಯೊಳಗೆ ಬಂದು ಹೆಲ್ಮೆಟ್ ತೆಗೆದಾಗ ಸುಟ್ಟ ಸಿಡಿಮದ್ದಿನ ವಾಸನೆ ಬಂತು ಅಂದಿದ್ದರು. ನಮ್ಮವನಿಗೆ ಆ ವಾಸನೆಯಿಂದ ತಲೆನೋವು. ಅದನ್ನೂ ರಿಜಿಸ್ಟರಿನಲ್ಲಿ ಬರೆಯುತ್ತಾನೆ.

ಬರೆಯುತ್ತಾ ಬರೆಯುತ್ತಾ ಒಂದು ವಿಷಯ ಕಂಡಿತು. ರೇಡಿಯೊ ಉತ್ತರಕ್ಕೆ ಕಾಯುವಾಗೆಲ್ಲ ಇವನು ಒಂದು ಸಣ್ಣ ಕೆಲಸ ಮಾಡುತ್ತಾನೆ. "ಕೈಗವಸಿನ ಉಂಗುರ ಒರೆಸಿ, ಧೂಳು ಕೊಡವಿ, ಮತ್ತೆ ಬಿಗಿ ಮಾಡಿದ." (ಉಂಗುರ ಅಂದರೆ ಕೈಗವಸನ್ನು ಸೂಟಿನ ತೋಳಿಗೆ ಬಿಗಿಯುವ ಬಳೆ.) ಈ ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿ. ಎರಡೂವರೆ, ಮೂರು ಸೆಕೆಂಡು ಹಿಡಿಯುತ್ತದೆ. ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡೇ ಇಂಥ ವಾಕ್ಯಗಳನ್ನು ಅಳೆದು ಕೂರಿಸಿದೆ. ಪ್ರಶ್ನೆ, ಕೆಲಸದ ವಾಕ್ಯ, ಉತ್ತರ. ಪ್ರಶ್ನೆ, ಕೆಲಸ, ಉತ್ತರ. 2.6 ಅನ್ನುವ ಅಂಕಿ ಕಥೆಯಲ್ಲಿ ಎಲ್ಲೂ ಇಲ್ಲ. ಕಿವಿಗೆ ತಾನಾಗಿ ರೂಢಿಯಾಗುತ್ತದೆ. ಆಮೇಲೆ ಒಂದು ಸಲ "ಕೈಗವಸಿನ ಉಂಗುರ" ಅನ್ನುವಷ್ಟರಲ್ಲೇ ಉತ್ತರ ಬಂದುಬಿಡುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದು ಇಲ್ಲಿ ಭಾರಿ ಉಪಕಾರ ಮಾಡಿತು. ಉಂಗುರ ಬಿಗಿ ಮಾಡಿದನೋ ಬಿಟ್ಟನೋ ಗೊತ್ತಾಗುವುದೇ ಇಲ್ಲ.

ಎಷ್ಟು ಸಲ ರೂಢಿ ಮಾಡಿಸಿ ಎಲ್ಲಿ ಮುರಿಯಬೇಕು ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೂ ಮುಂಚಿನ ಸಂಭಾಷಣೆಯಲ್ಲಿ ಒಂದು ಕೈಚಳಕ ಇದೆ, ಅದೂ ನನ್ನ ಹತ್ತಿರವೇ ಇರಲಿ.

ಇದೇ ಉಪಾಯವನ್ನು ಮಂಗಳ ಗ್ರಹಕ್ಕೆ ಒಯ್ದೆ. ಅಲ್ಲಿಗೆ ಮಾತು ತಲುಪಲು ಮೂರರಿಂದ 22 ನಿಮಿಷ ಬೇಕು, ಒಂದು ಕಡೆಗೇ. ಅಷ್ಟು ಹೊತ್ತು ಯಾವ ಉಂಗುರ ಒರೆಸಿಸಲಿ? ಭಯ ಆವಿಯಾಗಿ ವಿರಹದ ಕಥೆ ಆಯಿತು. ಕೆಟ್ಟದಾಗೇನೂ ಇಲ್ಲ, ಆದರೆ ನನಗೆ ಬೇಕಿದ್ದದ್ದು ಅದಲ್ಲ. ಫ್ಯಾಂಟಸಿಯಲ್ಲಾದರೆ ರಿಜಿಸ್ಟರ್ ಬರೆಯುವ ಉಪಾಯ ಚೆನ್ನಾಗಿ ನಡೆಯುತ್ತದೆ. ನೆರಳನ್ನೇ ಸುಂಕವಾಗಿ ಕಟ್ಟಿಸಿಕೊಳ್ಳುವ ಒಂದು ಗಡಿ ಕಟ್ಟೆ, ಅಲ್ಲೊಬ್ಬ ಗುಮಾಸ್ತ. ನಡುಮಧ್ಯಾಹ್ನ ಬಂದವರ ನೆರಳು ಚಿಕ್ಕದು, ಸುಂಕ ಕಡಿಮೆ. ಹಾಗಾಗಿ ಎಲ್ಲರೂ ಅದೇ ಹೊತ್ತಿಗೆ ನುಗ್ಗುತ್ತಾರೆ. ಗುಮಾಸ್ತನ ಗೊಣಗಾಟದಿಂದಲೇ ಆ ಲೋಕದ ಕಾನೂನು ಹೊರಬಿತ್ತು. ಅದಿನ್ನೂ ಮುಗಿದಿಲ್ಲ.

ಇನ್ನು ದುಡ್ಡಿನ ಮಾತು. ಅಚ್ಚಾದಾಗ ಸಿಕ್ಕ ಸಂಭಾವನೆ ಆಡಿಯೊ ಖರ್ಚಿನ ಮೂರರಲ್ಲೊಂದು ಭಾಗವೂ ಆಗಲಿಲ್ಲ. ಆಡಿಯೊದಲ್ಲಿ ಕೆಲಸದ ವಾಕ್ಯಗಳನ್ನು ತೆಗೆದು ನಿಜವಾದ ಮೌನ ಇಡೋಣ ಅಂತ ನನ್ನ ಆಸೆ. ಅಪೊಲೊ ರೆಕಾರ್ಡಿಂಗ್‌ಗಳಲ್ಲಿ ಭೂಮಿಯವರ ದನಿಯೇ ಚಂದ್ರನಿಗೆ ಹೋಗಿ ಎರಡೂವರೆ ಸೆಕೆಂಡು ಬಿಟ್ಟು ಪ್ರತಿಧ್ವನಿಯಾಗಿ ಕೇಳುವುದುಂಟು. ಆ ರುಚಿ ಬೇಕಿತ್ತು. ಎಡಿಟ್ ಮಾಡಿದಾತ ಸಾಫ್ಟ್‌ವೇರಿಗೆ ಹಾಕಿ ಮೌನವನ್ನೆಲ್ಲ ಕತ್ತರಿಸಿ ಕೊಟ್ಟ. "ಗ್ಯಾಪ್ ಜಾಸ್ತಿ ಇತ್ತು ಸಾರ್, ಕ್ಲೀನ್ ಮಾಡಿದೀನಿ." ಮೊದಲ ನಿಮಿಷದಿಂದ ಭೂಮಿಯವರೆಲ್ಲ ದೆವ್ವ! ಮತ್ತೆ ಕೂರಿಸಲು ಸ್ಟುಡಿಯೊ ಬಾಡಿಗೆ ಎರಡನೇ ಸಲ ಕೊಟ್ಟೆ.

ಅಷ್ಟಾದರೂ ತೊಂದರೆ ಹೋಗಲಿಲ್ಲ. ಪೂರ್ತಿ ಮೌನ ಬಂದರೆ ಕೇಳುವವರು ಆಡಿಯೊ ನಿಂತಿತು ಅಂತ ಫೋನ್ ಮುಟ್ಟುತ್ತಾರೆ. ಠಾಣೆಯ ಫ್ಯಾನಿನ ಗುಂಯ್ ಸದ್ದನ್ನು ಮೌನದ ಕೆಳಗೆ ಹಾಸಿದ ಮೇಲೆ ಸರಿಹೋಯಿತು. ಚಂದ್ರನ ಮೇಲೆ ಸದ್ದು ಎಲ್ಲಿಂದ ಬಂತು ಅಂತ ಕೆಲವರು ಆಕ್ಷೇಪಿಸಿದರು. ಹೊರಗೆ ಗಾಳಿ ಇಲ್ಲ, ಠಾಣೆಯ ಒಳಗೆ ಇದೆಯಲ್ಲ ಸ್ವಾಮಿ.

ಹಾಕಿದ ದುಡ್ಡು ವಾಪಸ್ ಬರಲು ಒಂದು ವರ್ಷದ ಮೇಲಾಯಿತು. ಈಗ ತಿಂಗಳಿಗೆ ಏನೋ ಚಿಲ್ಲರೆ ಬರುತ್ತದೆ. ಮುಂದಿನ ಆಡಿಯೊಗೆ ಪ್ರತಿ ಮೌನಕ್ಕೂ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಕೊಟ್ಟು, ಪಕ್ಕದಲ್ಲಿ ಸೆಕೆಂಡು ಬರೆದಿದ್ದೇನೆ. ಮೌನ ಕತ್ತರಿಸಿದರೆ ಮರುಕೆಲಸದ ಖರ್ಚು ಸ್ಟುಡಿಯೊದವರದ್ದು ಅಂತ ಒಪ್ಪಂದದಲ್ಲೂ ಸೇರಿಸಿದ್ದೇನೆ. ಓದಿ ನಕ್ಕರು, ಆದರೆ ಸಹಿ ಹಾಕಿದರು.