ಬಾರೋ ಯಾವುದು, ಲೆಂಡ್ ಯಾವುದು: ಮಕ್ಕಳಿಗೆ ಹೀಗೆ ಹೇಳಿಕೊಡಿ

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಸಂಜೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಬರುವವರು ಹೆಚ್ಚಾಗಿ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳು. ಕಮ್, ಗೋ ಅವರಿಗೆ ಸಲೀಸು. ಬೈ, ಸೆಲ್ ಕೂಡ ಬೇಗ ಹತ್ತುತ್ತವೆ. ಬಾರೋ, ಲೆಂಡ್ ಬಂದಾಗ ಮಾತ್ರ ಪ್ರತಿ ಬ್ಯಾಚೂ ತಡವರಿಸುತ್ತದೆ. "ಅಕ್ಕೋರ, ಕ್ಯಾನ್ ಯು ಬಾರೋ ಮಿ ಯುವರ್ ಪೆನ್?" ಅಂತ ಕೇಳುತ್ತಾರೆ.

ಇದಕ್ಕೆ ಕಾರಣ ನಮ್ಮ ಮಾತಿನಲ್ಲೇ ಇದೆ. ನಮಗೆ ಕಡ ಅನ್ನುವುದು ಒಂದೇ. 'ಕಡ ಕೊಡು' ಅಂದರೂ ಕಡ, 'ಕಡ ಇಸ್ಕೊ' ಅಂದರೂ ಕಡ. ಯಾವ ಕಡೆ ಹೋಯಿತು ಅನ್ನುವುದನ್ನು ಕೊಡು, ಇಸ್ಕೊ ಹೇಳುತ್ತವೆ. ಇಂಗ್ಲಿಷಿನಲ್ಲಿ ಅದನ್ನೂ ಕ್ರಿಯಾಪದವೇ ಹೇಳಿಬಿಡುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡರ ಎದುರೂ 'ಸಾಲ' ಅಂತ ಬರೆಸಲೇಬೇಡಿ. ಬಾರೋ ಎದುರು 'ಕಡ ಇಸ್ಕೊಳ್ಳುವುದು', ಲೆಂಡ್ ಎದುರು 'ಕಡ ಕೊಡುವುದು' ಅಂತ ಪೂರ್ತಿ ಬರೆಸಿ.

ಆಮೇಲೆ ಇಬ್ಬರನ್ನು ಎದುರುಬದುರು ಕೂರಿಸಿ. ಒಬ್ಬಳ ಕೈಯಲ್ಲಿ ಪೆನ್ ಇರಲಿ. ಅದನ್ನು ಇನ್ನೊಬ್ಬನಿಗೆ ಕೊಡಲಿ. ಈಗ ಇಬ್ಬರೂ ತಮ್ಮ ತಮ್ಮ ಕಡೆಯಿಂದ ಹೇಳಬೇಕು. ಕೊಟ್ಟವಳು, "ಐ ಲೆಂಟ್ ಮೈ ಪೆನ್ ಟು ಹಿಮ್." ಇಸ್ಕೊಂಡವನು, "ಐ ಬಾರೋಡ್ ಎ ಪೆನ್ ಫ್ರಮ್ ಹರ್." ಪೆನ್ ಒಂದೇ, ಅದು ಕೈ ಬದಲಿಸಿದ್ದೂ ಒಂದೇ ಸಲ. ವಾಕ್ಯ ಯಾರಿಂದ ಶುರುವಾಯಿತು ಅನ್ನುವುದರ ಮೇಲೆ ಕ್ರಿಯಾಪದ ಬದಲಾಯಿತು. ಈ ಹಂತದಲ್ಲಿ ಅವಸರ ಮಾಡಬೇಡಿ. ಪೆನ್ ವಾಪಸ್ ಹೋಗಲಿ, ಪಾತ್ರ ಅದಲುಬದಲಾಗಲಿ, ಮತ್ತೆ ಹೇಳಲಿ. ಬಾಯಿಗೆ ರೂಢಿಯಾದ ಮೇಲೆ ಬರೆಯುವುದು ಸುಲಭ.

ಮರೆಯದಿರಲು ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಕನ್ನಡದ ಕಿವಿಗೆ ಆ ಇಂಗ್ಲಿಷ್ ಮಾತು 'ಬಾರೋ' ಅಂತಲೇ ಕೇಳುತ್ತದೆ ಅಲ್ವಾ? ಬಾರೋ ಅಂದರೆ ನನ್ನ ಕಡೆಗೆ ಬಾ. ವಸ್ತು ನನ್ನ ಕಡೆ ಬಂದರೆ ಬಾರೋ. ನನ್ನ ಕೈಬಿಟ್ಟು ಹೋದರೆ ಲೆಂಡ್. ಇಷ್ಟು ಹೇಳಿದರೆ ಆರನೇ ಕ್ಲಾಸಿನ ಹುಡುಗನೂ ಪರೀಕ್ಷೆಯಲ್ಲಿ ತಪ್ಪುವುದಿಲ್ಲ.

ಉಳಿದದ್ದು ರೂಪಗಳು. ಬಾರೋ, ಬಾರೋಡ್, ಬಾರೋಡ್. ಲೆಂಡ್, ಲೆಂಟ್, ಲೆಂಟ್. ಲೆಂಡೆಡ್ ಅನ್ನುವುದು ಇಲ್ಲ. ಬಾರೋ ಜೊತೆ ಫ್ರಮ್, ಲೆಂಡ್ ಜೊತೆ ಟು. ಲೆಂಡ್ ಆದ ತಕ್ಷಣ ವ್ಯಕ್ತಿಯನ್ನೇ ಇಡಬಹುದು: "ಲೆಂಡ್ ಮಿ ಯುವರ್ ಪೆನ್." ಬಾರೋ ಹಾಗೆ ಒಪ್ಪುವುದಿಲ್ಲ, ಅದರ ಹಿಂದೆಯೇ ವಸ್ತು ಬರಬೇಕು: "ಕ್ಯಾನ್ ಐ ಬಾರೋ ಯುವರ್ ಪೆನ್?" ಮೊದಲು ಹೇಳಿದ ವಾಕ್ಯ ತಪ್ಪಾಗಿದ್ದು ಇಲ್ಲೇ. ಮಕ್ಕಳು ಕೇಳುವುದೇ ಈ ವಾಕ್ಯವಾದ್ದರಿಂದ ನಾನು ಇದನ್ನು ದಿನಾ ಹೇಳಿಸುತ್ತೇನೆ. ಪೆನ್ ಬೇಕಾದವರು ಸರಿಯಾಗಿ ಕೇಳಿದರೆ ಮಾತ್ರ ಪೆನ್.

ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದರೆ? ಅದೂ ಬಾರೋ. ಅದೇ ಸಕ್ಕರೆ ವಾಪಸ್ ಹೋಗುವುದಿಲ್ಲ, ಅಷ್ಟೇ ಸಕ್ಕರೆ ಹೋಗುತ್ತದೆ. ವಾಪಸ್ ಕೊಡುವ ಮಾತೇ ಇಲ್ಲದಿದ್ದರೆ ಟೇಕ್, ಗಿವ್ ಸಾಕು. ಗ್ರಂಥಾಲಯದಿಂದ ಪುಸ್ತಕ ನಾವು ಬಾರೋ ಮಾಡುತ್ತೇವೆ, ಗ್ರಂಥಾಲಯ ಲೆಂಡ್ ಮಾಡುತ್ತದೆ.

ಹತ್ತನೇ ಕ್ಲಾಸಿನವರಿಗೆ ನಾನು ಇದನ್ನು ಬ್ಯಾಂಕಿನವರೆಗೂ ಎಳೆಯುತ್ತೇನೆ. ಮನೆಗೆ ಬರುವ ಸಾಲದ ಕಾಗದವನ್ನು ಎಷ್ಟೋ ಸಲ ಈ ಮಕ್ಕಳೇ ಓದಿ ಹೇಳಬೇಕು. ಬೆಳೆಸಾಲವಿರಲಿ, ಬಂಗಾರದ ಮೇಲಿನ ಸಾಲವಿರಲಿ, ಇಂಗ್ಲಿಷ್ ಫಾರ್ಮಿನಲ್ಲಿ ಬಾರೋವರ್ ಅಂದರೆ ಸಾಲ ಪಡೆದವರು, ಲೆಂಡರ್ ಅಂದರೆ ಕೊಟ್ಟ ಬ್ಯಾಂಕು ಅಥವಾ ಸೊಸೈಟಿ. ಕೋ-ಬಾರೋವರ್ ಅಂತ ಸಹಿ ಹಾಕಿದವರೂ ಸಾಲಗಾರರೇ. ಗ್ಯಾರಂಟರ್ ಅಂದರೆ ಜಾಮೀನುದಾರ. 'ಸುಮ್ನೆ ಒಂದು ಸಹಿ ಹಾಕ್ರಿ' ಅಂತ ಕರೆದೊಯ್ಯುವುದು ಹೆಚ್ಚಾಗಿ ಈ ಸಹಿಗೇ. ಭಾರತೀಯ ಕರಾರು ಕಾಯ್ದೆ 1872ರ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆಯೂ ಸಾಲಗಾರನಷ್ಟೇ ಇರುತ್ತದೆ. ಅಪ್ಪ, ಅಜ್ಜ ಯಾವ ಸಾಲಿನ ಎದುರು ಸಹಿ ಹಾಕುತ್ತಿದ್ದಾರೆ ಅನ್ನುವುದನ್ನು ಮಗು ಬೆರಳಿಟ್ಟು ತೋರಿಸುವಂತಾಗಬೇಕು. ನಾನು ಈ ಎರಡು ಕ್ರಿಯಾಪದಗಳಿಗೆ ಇಷ್ಟು ಹೊತ್ತು ಕೊಡುವುದು ಅದಕ್ಕೇ.

ಇದು ಗಟ್ಟಿಯಾದ ಮೇಲೆ ರೆಂಟ್ ಕೊಡಿ, ಮೊದಲೇ ಬೇಡ. ಅಲ್ಲಿ ಇಂಗ್ಲಿಷೇ ನಮ್ಮ ಬಾಡಿಗೆಯ ಹಾಗೆ ಎರಡೂ ಕಡೆಗೆ ಒಂದೇ ಮಾತು ಬಳಸುತ್ತದೆ. ಮನೆ ಕೊಟ್ಟವರೂ ರೆಂಟ್ ಮಾಡಬಹುದು, ಹಿಡಿದವರೂ ರೆಂಟ್ ಮಾಡಬಹುದು. ಟು ಇದೆಯೋ ಫ್ರಮ್ ಇದೆಯೋ ನೋಡಿ ಮನೆ ಮಾಲೀಕರು ಯಾರು ಅಂತ ಮಕ್ಕಳೇ ಹೇಳಲಿ.