ಕ್ರಿಸ್ಮಸ್ ರಜೆಗೆ ದೆವ್ವದ ಸಿನಿಮಾ: ಮಲೆನಾಡಿನ ಮನೆಯಲ್ಲಿ ನೋಡುವುದು ಹೇಗೆ?

ಡಿಸೆಂಬರ್ ಕೊನೆಯ ವಾರ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಸಂಜೆ ಆರೂವರೆಗೆಲ್ಲ ಕತ್ತಲು ಕವಿದಿರುತ್ತದೆ. ಬೆಂಗಳೂರಿನಿಂದ ಅಣ್ಣ-ಅತ್ತಿಗೆ ಬಂದಿರುತ್ತಾರೆ, ಮಕ್ಕಳಿಗೆ ರಜೆ, ಚಳಿಗೆ ಹೆದರಿ ಎಲ್ಲರೂ ಒಂದೇ ಕೋಣೆಯಲ್ಲಿ ಕಂಬಳಿ ಹೊದ್ದು ಕೂತಿರುತ್ತಾರೆ. ದೆವ್ವದ ಸಿನಿಮಾ ನೋಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ವಾರ ಇನ್ನೊಂದಿಲ್ಲ. ಕ್ರಿಸ್ಮಸ್ ರಾತ್ರಿಯಲ್ಲೇ ಕಥೆ ನಡೆಯುವ ಹೆದರಿಕೆಯ ಸಿನಿಮಾಗಳು ಬೇಕಾದಷ್ಟಿವೆ. ಆದರೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಕೂತರೆ ಅರ್ಧಕ್ಕೇ ಮಕ್ಕಳು ಅಳುತ್ತಾರೆ, ಇಲ್ಲವೇ ದೊಡ್ಡವರು ನಿದ್ದೆ ಹೋಗುತ್ತಾರೆ. ಸ್ವಲ್ಪ ಏರ್ಪಾಡು ಬೇಕು.

‘ಹಬ್ಬದ ದಿನ ದೆವ್ವ ಯಾಕೆ?’ ಎಂದು ಮನೆಯಲ್ಲಿ ಹಿರಿಯರು ಕೇಳಿಯೇ ಕೇಳುತ್ತಾರೆ. ಅವರಿಗೆ ಅಡಿಕೆ ಸುಲಿಯುವ ರಾತ್ರಿಗಳನ್ನು ನೆನಪಿಸಿ. ಚಪ್ಪರದಡಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತವರು ನಿದ್ದೆ ಬಾರದಿರಲೆಂದು ಹೇಳುತ್ತಿದ್ದದ್ದು ಏನನ್ನು? ಕೊಳ್ಳಿದೆವ್ವದ ಕಥೆ, ಹಳ್ಳದ ಸಂಕದ ಮೇಲೆ ಕೂತಿದ್ದ ಮೋಹಿನಿಯ ಕಥೆ. ಅತ್ತ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ವಾಸನೆ ಅಂಗಳದ ತುಂಬ, ಇತ್ತ ಕಥೆ ಕೇಳಿದ ಮಕ್ಕಳು ಒಬ್ಬರೇ ಬಚ್ಚಲಿಗೆ ಹೋಗಲು ಒಲ್ಲೆನ್ನುತ್ತಾರೆ. ಇಂಗ್ಲೆಂಡಿನಲ್ಲೂ ಆದದ್ದು ಇದೇ. ಡಿಸೆಂಬರ್ 21ರ ಸುಮಾರಿಗೆ ನಮ್ಮಲ್ಲಿ ರಾತ್ರಿ 12 ಗಂಟೆ 40 ನಿಮಿಷದ ಆಸುಪಾಸಿನಲ್ಲಿದ್ದರೆ ಲಂಡನ್ನಿನಲ್ಲಿ ಅದು 16 ಗಂಟೆ. ಅಷ್ಟು ಉದ್ದದ ರಾತ್ರಿ, ಹೊರಗೆ ಹಿಮ, ಒಳಗೆ ಬೆಂಕಿ, ಸುತ್ತ ನೆಂಟರು. ಕ್ರಿಸ್ಮಸ್‌ಗೆ ದೆವ್ವದ ಕಥೆ ಹೇಳುವ ರೂಢಿ ಅಲ್ಲಿ ಹಳೆಯದು. ಜಿಪುಣ ಮುದುಕನ ಮನೆಗೆ ಪ್ರೇತಗಳು ಬರುವ ಚಾರ್ಲ್ಸ್ ಡಿಕನ್ಸ್ ಅವರ ಪ್ರಸಿದ್ಧ ಕಥೆ ಅಚ್ಚಾಗಿ ಹೊರಬಂದದ್ದು 1843ರ ಡಿಸೆಂಬರ್ 19ರಂದು, ಹಬ್ಬಕ್ಕೆ ಸರಿಯಾಗಿ. ಎಂ.ಆರ್. ಜೇಮ್ಸ್ ಎಂಬ ವಿದ್ವಾಂಸರು ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಕ್ರಿಸ್ಮಸ್ ಹೊತ್ತಿಗೆ ಗೆಳೆಯರನ್ನು ಕೂರಿಸಿಕೊಂಡು ತಾವು ಬರೆದ ದೆವ್ವದ ಕಥೆಗಳನ್ನು ಓದಿ ಹೇಳುತ್ತಿದ್ದರು. ಸಿನಿಮಾ ಬಂದದ್ದು ಈ ಜಗುಲಿಯ ಕಥೆಗಳ ಬೆನ್ನಿಗೇ. ಹಾಗಾಗಿ ಇವನ್ನು ಒಬ್ಬರೇ ಮೊಬೈಲಿನಲ್ಲಿ ನೋಡುವುದಕ್ಕಿಂತ ನಾಲ್ಕು ಜನ ಒಟ್ಟಿಗೆ ಕೂತು ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದಿನ ಗೊತ್ತು ಮಾಡಿ

24ರ ರಾತ್ರಿ ಬೇಡ. ಅದು ಚರ್ಚಿಗೆ ಹೋಗುವವರ ರಾತ್ರಿ. ಶಿವಮೊಗ್ಗದಲ್ಲಿದ್ದರೆ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಗೋದಲಿ ತೋರಿಸಿ ಬನ್ನಿ. ಕ್ರಿಸ್ಮಸ್ ಎಂದರೆ ಏನು, ಆ ಕೊಟ್ಟಿಗೆಯಲ್ಲಿ ಮಲಗಿರುವ ಮಗು ಯಾರು ಎಂದು ಗೊತ್ತಿದ್ದವರಿಗೇ ಈ ಸಿನಿಮಾಗಳ ಹೆದರಿಕೆ ಸರಿಯಾಗಿ ತಟ್ಟುವುದು. ಪಕ್ಕದ ಮನೆಯವರು ಕ್ರೈಸ್ತರಾಗಿದ್ದರೆ ಅವರ ಹಬ್ಬದ ಊಟ ಮುಗಿಯಲಿ. 26ರಿಂದ ಶುರು ಮಾಡಿದರೆ ಹೊಸ ವರ್ಷದವರೆಗೆ ಬೇಕಾದಷ್ಟು ರಾತ್ರಿಗಳಿವೆ. ದಿನಕ್ಕೆ ಒಂದೇ ಸಿನಿಮಾ ಸಾಕು.

ಯಾರು ಕೂರುತ್ತಾರೆ, ಯಾವುದು ಹಾಕಬೇಕು?

ಒಟಿಟಿಯಲ್ಲಿ ಪ್ರತಿ ಸಿನಿಮಾದ ಜೊತೆ ವಯಸ್ಸಿನ ಗುರುತು ಇರುತ್ತದೆ: ಯು, ಯು/ಎ 7+, ಯು/ಎ 13+, ಯು/ಎ 16+, ಎ. 2021ರ ನಿಯಮಗಳ ಪ್ರಕಾರ 13+ ಮತ್ತು ಅದಕ್ಕಿಂತ ಮೇಲಿನವಕ್ಕೆ ಪೋಷಕರು ಲಾಕ್ ಹಾಕುವ ಸೌಲಭ್ಯ ಇರಲೇಬೇಕು. ಮಕ್ಕಳ ಕೈಗೆ ರಿಮೋಟ್ ಸಿಗುವ ಮನೆಯಾದರೆ ಮೊದಲು ಅದನ್ನು ಹಾಕಿಡಿ. ಇನ್ನೊಂದು ಮಾತು: ಹುಡುಕುವಾಗ ಹೆಸರಿನ ಜೊತೆ ವರ್ಷವನ್ನೂ ನೋಡಿಕೊಳ್ಳಿ. ಹಳೆಯ ಒಳ್ಳೆಯ ಸಿನಿಮಾಗಳಿಗೆಲ್ಲ ಹೊಸ ರೀಮೇಕ್‌ಗಳು ಬಂದಿವೆ, ಹೆಸರೂ ಅದೇ.

ಸಣ್ಣ ಮಕ್ಕಳಿದ್ದರೆ ‘ದ ನೈಟ್‌ಮೇರ್ ಬಿಫೋರ್ ಕ್ರಿಸ್ಮಸ್’ (1993). ನಿರ್ದೇಶಕ ಹೆನ್ರಿ ಸೆಲಿಕ್. ಗೊಂಬೆಗಳನ್ನು ಚೂರು ಚೂರೇ ಸರಿಸಿ ಒಂದೊಂದೇ ಚಿತ್ರ ತೆಗೆದು ಮಾಡಿದ ಸಿನಿಮಾ, ಒಂದೂಕಾಲು ಗಂಟೆಯಷ್ಟೇ. ದೆವ್ವಗಳ ಊರಿನ ಅಸ್ಥಿಪಂಜರ ನಾಯಕನಿಗೆ ಕ್ರಿಸ್ಮಸ್ ಮೇಲೆ ಆಸೆ ಹುಟ್ಟುತ್ತದೆ. ಹಾಡುಗಳು ಚೆನ್ನಾಗಿವೆ, ಹೆದರಿಕೆ ಹಿತವಾಗಿದೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ‘ಗ್ರೆಮ್ಲಿನ್ಸ್’ (1984). ಅಪ್ಪ ಮಗನಿಗೆ ಕ್ರಿಸ್ಮಸ್ ಉಡುಗೊರೆಯಾಗಿ ಮುದ್ದು ಪ್ರಾಣಿಯೊಂದನ್ನು ತರುತ್ತಾನೆ. ಮೂರು ಕಟ್ಟುಪಾಡು: ಜೋರು ಬೆಳಕು ತೋರಿಸಬಾರದು, ನೀರು ತಾಗಿಸಬಾರದು, ಮಧ್ಯರಾತ್ರಿ ಕಳೆದ ಮೇಲೆ ತಿನ್ನಲು ಕೊಡಬಾರದು. ಮೂರೂ ಮುರಿಯುತ್ತವೆ, ಊರೆಲ್ಲ ಹಲ್ಲು ಕಿರಿಯುವ ಪಿಶಾಚಿಗಳು. ಮಕ್ಕಳ ಸಿನಿಮಾ ಎಂದುಕೊಂಡು ಹೋದ ಅಮೆರಿಕದ ಅಪ್ಪ-ಅಮ್ಮಂದಿರು ಕಂಗಾಲಾದರು. ಅದೇ ವರ್ಷ ಅಲ್ಲಿ 13 ವರ್ಷದ ಗೆರೆ ಎಳೆಯುವ ಹೊಸ ದರ್ಜೆ ಜಾರಿಗೆ ಬರಲು ಇದೂ ಒಂದು ಕಾರಣ. ಸಾಂತಾ ಕ್ಲಾಸ್ ನಿಜವೆಂದು ನಂಬಿರುವ ಮಗು ಮನೆಯಲ್ಲಿದ್ದರೆ ಎಚ್ಚರ, ನಾಯಕಿ ತನ್ನ ಅಪ್ಪನ ಬಗ್ಗೆ ಹೇಳುವ ಮಾತಿನಲ್ಲಿ ಆ ಗುಟ್ಟು ಬಯಲಾಗುತ್ತದೆ.

‘ಕ್ರಾಂಪಸ್’ (2015) ಹದಿಹರೆಯದವರಿಗೆ. ಆಸ್ಟ್ರಿಯಾ, ಬವೇರಿಯಾ ಕಡೆಯ ನಂಬಿಕೆಯಲ್ಲಿ ಸಂತ ನಿಕೋಲಾಸರ ಜೊತೆ ತಿರುಗುವ ಕೊಂಬಿನ ಜೀವಿ ಕ್ರಾಂಪಸ್. ಕೈಯಲ್ಲಿ ಸರಪಳಿ, ಬಡಿಯಲು ಕಡ್ಡಿಗಳ ಕಟ್ಟು. ಡಿಸೆಂಬರ್ 5ರ ರಾತ್ರಿ ಅವನದು. ಸಿನಿಮಾದಲ್ಲಿ ಹಬ್ಬಕ್ಕೆ ಸೇರಿದ ನೆಂಟರು ಊಟಕ್ಕೆ ಕೂತಲ್ಲೇ ಜಗಳಕ್ಕೆ ಬೀಳುತ್ತಾರೆ, ಬೇಸತ್ತ ಹುಡುಗ ಸಾಂತಾಗೆ ಬರೆದ ಕಾಗದ ಹರಿದು ಎಸೆಯುತ್ತಾನೆ, ಆಮೇಲೆ ಹಿಮ ಬಿದ್ದು ಇಡೀ ಬೀದಿಯ ಕರೆಂಟು ಹೋಗುತ್ತದೆ. ನೆಂಟರು ತುಂಬಿದ ಮನೆಯಲ್ಲಿ ನೋಡಬೇಕಾದ ಸಿನಿಮಾ ಇದು.

ದೊಡ್ಡವರಷ್ಟೇ ಇರುವ ರಾತ್ರಿಗೆ ನನ್ನ ಸಲಹೆ ‘ಬ್ಲ್ಯಾಕ್ ಕ್ರಿಸ್ಮಸ್’. 1974ರದ್ದೇ ಆಗಬೇಕು, 2006 ಮತ್ತು 2019ರವು ಬೇಡ. ಕೆನಡಾದಲ್ಲಿ ಬಾಬ್ ಕ್ಲಾರ್ಕ್ ಮಾಡಿದ ಈ ಸಿನಿಮಾ ಮುಂದೆ ಬಂದ ಎಷ್ಟೋ ಕೊಲೆಗಾರರ ಚಿತ್ರಗಳಿಗೆ ದಾರಿ ಹಾಕಿಕೊಟ್ಟಿತು. ಕಾಲೇಜು ಹುಡುಗಿಯರು ಒಟ್ಟಿಗಿರುವ ಮನೆ, ರಜೆಗೆ ಊರಿಗೆ ಹೊರಟವರು, ಪದೇ ಪದೇ ಬರುವ ಕೆಟ್ಟ ಫೋನ್ ಕರೆ. ಮೊದಲ ದೃಶ್ಯದಲ್ಲೇ ಯಾರೋ ಗೋಡೆ ಹತ್ತಿ ಅಟ್ಟ ಸೇರುವುದನ್ನು ನಾವು ಅವನ ಕಣ್ಣಿನಿಂದಲೇ ನೋಡುತ್ತೇವೆ. ಅವನು ಅಟ್ಟದಲ್ಲಿದ್ದಾನೆ ಎಂದು ನಮಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಅಷ್ಟೇ. ಅದರಿಂದಲೇ ಇಡೀ ಸಿನಿಮಾ ನಡೆಯುತ್ತದೆ. ಮಕ್ಕಳು ಬಾಗಿಲಿಗೆ ಬಂದು ಕ್ಯಾರಲ್ ಹಾಡುತ್ತಿರುವಾಗ ಮಹಡಿಯಲ್ಲಿ ನಡೆಯುವುದನ್ನು ನೀವೇ ನೋಡಿ. ಇನ್ನೊಂದು ದೃಶ್ಯದಲ್ಲಿ ಕರೆ ಎಲ್ಲಿಂದ ಬಂತೆಂದು ಹುಡುಕಲು ಟೆಲಿಫೋನ್ ಎಕ್ಸ್‌ಚೇಂಜಿನ ನೌಕರ ಕಟಕಟ ಸದ್ದು ಮಾಡುವ ಯಂತ್ರಗಳ ಸಾಲುಗಳ ನಡುವೆ ಓಡುತ್ತಾನೆ. ರಕ್ತದ ಹನಿಯೂ ಇಲ್ಲದ ಆ ಓಟದಷ್ಟು ಎದೆ ನಡುಗಿಸಿದ್ದು ನನಗೆ ಕಡಿಮೆ. ಅಡಿಕೆ ಮೂಟೆ ತುಂಬಿದ ಹಳೆಯ ಅಟ್ಟವಿರುವ ಮನೆಯಲ್ಲಿ ನೋಡಿದರಂತೂ ಹೇಳುವುದೇ ಬೇಡ.

ಆದರೆ ಎಲ್ಲಕ್ಕಿಂತ ಮೊದಲ ರಾತ್ರಿ ಹಾಕಬೇಕಾದ್ದು ಒಂದು ಕಿರುಚಿತ್ರ. ಬಿಬಿಸಿ 1970ರ ದಶಕದಲ್ಲಿ ಪ್ರತಿ ಕ್ರಿಸ್ಮಸ್‌ಗೆ ಒಂದು ದೆವ್ವದ ಕಥೆ ತೋರಿಸುತ್ತಿತ್ತು. 1976ರಲ್ಲಿ ಬಂದದ್ದು ‘ದ ಸಿಗ್ನಲ್‌ಮ್ಯಾನ್’, 40 ನಿಮಿಷವೂ ಇಲ್ಲ. ಡಿಕನ್ಸ್ 1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್‌ನ ರೈಲು ಅಪಘಾತದಲ್ಲಿ ಬದುಕಿ ಉಳಿದವರು. ಮರುವರ್ಷದ ಕ್ರಿಸ್ಮಸ್ ಸಂಚಿಕೆಗೆ ಈ ಕಥೆ ಬರೆದರು. ಗುಡ್ಡ ಕಡಿದ ಆಳದ ಹಳಿ, ಸುರಂಗದ ಬಾಯಿ, ಕೆಂಪು ದೀಪ, ಒಂಟಿ ನೌಕರ, ಅಪಘಾತಕ್ಕೆ ಮುಂಚೆ ಕಾಣಿಸುವ ಆಕೃತಿ. ಕಥೆಯೊಳಗೆ ಕ್ರಿಸ್ಮಸ್ ಇಲ್ಲ, ಹಬ್ಬಕ್ಕೆಂದು ಮಾಡಿದ್ದು ಮಾತ್ರ. ಶಿವಮೊಗ್ಗ–ತಾಳಗುಪ್ಪ ಹಳಿಯಲ್ಲಿ ರಾತ್ರಿ ಪ್ರಯಾಣ ಮಾಡಿದವರಿಗೆ, ಅರಸಾಳಿನಂಥ ಕಾಡಂಚಿನ ನಿಲ್ದಾಣವನ್ನು ಕತ್ತಲಲ್ಲಿ ಕಂಡವರಿಗೆ ಆ ನೌಕರನ ಒಂಟಿತನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಡಬೇಕಾದವೂ ಇವೆ. ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’ (1984) ಸಾಂತಾ ವೇಷದ ಕೊಲೆಗಾರನ ಕಥೆ. ಪೋಷಕರ ಪ್ರತಿಭಟನೆಯಿಂದ ಥಿಯೇಟರುಗಳಿಂದ ಬೇಗನೆ ಹಿಂದೆ ಸರಿಯಿತು. ‘ಟೆರಿಫೈಯರ್ 3’ (2024) ಬರೀ ಕತ್ತರಿಸುವುದು. ಮನೆಮಂದಿಯ ನಡುವೆ ಎರಡೂ ಬೇಡ.

ಕರೆಂಟು ಮತ್ತು ನೆಟ್‌ವರ್ಕು

ಹಳ್ಳಿ ಮನೆಯಾದರೆ ಆ ರಾತ್ರಿಯ ನೆಟ್‌ವರ್ಕ್ ನಂಬಿಕೊಂಡು ಕೂರಬೇಡಿ. ಪೇಟೆಗೆ ಹೋದ ದಿನವೇ ಡೌನ್‌ಲೋಡ್ ಮಾಡಿಕೊಳ್ಳಿ. ಮೊಬೈಲಿಗೆ ಇಳಿಸಿದ್ದನ್ನು ಟಿವಿಯಲ್ಲಿ ತೋರಿಸಲು ಕೆಲವು ಆ್ಯಪ್‌ಗಳು ಬಿಡುವುದಿಲ್ಲ. ಆದ್ದರಿಂದ ಹಗಲಿನಲ್ಲೇ ಐದು ನಿಮಿಷ ಓಡಿಸಿ ನೋಡಿ. ಇನ್ವರ್ಟರ್ ಇದ್ದರೆ ಟಿವಿಯ ಪ್ಲಗ್ ಅದರ ಲೈನಿನಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ದೀಪ, ಫ್ಯಾನಿಗೆ ಮಾತ್ರ ಕೊಟ್ಟಿರುತ್ತಾರೆ. ಸಬ್‌ಟೈಟಲ್ ಬರುತ್ತಿದೆಯೇ ಎಂಬುದನ್ನೂ ಆಗಲೇ ನೋಡಿ. ಓದಲಾಗದ ಅಜ್ಜಿಗೆ ಪಕ್ಕದಲ್ಲಿ ಕೂತು ಒಬ್ಬರು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿರಲಿ. ಅದೂ ಬೇಸರವಾದರೆ ಒಂದು ರಾತ್ರಿಯನ್ನು ಅವರಿಗೇ ಬಿಟ್ಟುಕೊಟ್ಟು ಅನಂತನಾಗ್–ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ (1979) ಹಾಕಿ.

ಬೆಳಕು, ಸದ್ದು

ಟ್ಯೂಬ್‌ಲೈಟ್ ಆರಿಸಿ. ಟಿವಿ ಗಾಜಿನಲ್ಲಿ ಅದರ ಪ್ರತಿಬಿಂಬ ಬಿದ್ದರೆ ಕತ್ತಲಿನ ದೃಶ್ಯಗಳಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಪೂರ್ತಿ ಕತ್ತಲೂ ಕಣ್ಣಿಗೆ ಒಳ್ಳೆಯದಲ್ಲ, ದೀಪಾವಳಿಯ ಸೀರಿಯಲ್ ಸೆಟ್ ಒಂದನ್ನು ಟಿವಿಯ ಹಿಂದೆ ಹಾಕಿ, ಮಿಣುಕದೆ ಒಂದೇ ಸಮ ಉರಿಯುವಂತೆ ಇಡಿ. ಟಿವಿಯ ಸೆಟ್ಟಿಂಗ್ಸಿನಲ್ಲಿ ‘ವಿವಿಡ್’ ತೆಗೆದು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಹಾಕಿ, ಮೋಷನ್ ಸ್ಮೂದಿಂಗ್ ನಿಲ್ಲಿಸಿ. ಅದಿದ್ದರೆ ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ.

ಸದ್ದಿನ ವಿಷಯದಲ್ಲಿ ಹೆಚ್ಚು ಗಮನ ಬೇಕು, ಹೆದರಿಕೆಯ ಮುಕ್ಕಾಲು ಪಾಲು ಕಿವಿಯಿಂದಲೇ ಒಳಗೆ ಹೋಗುವುದು. ಈ ಸಿನಿಮಾಗಳಲ್ಲಿ ಮಾತು ಪಿಸುಪಿಸು, ಕಿರುಚಾಟ ಕಿವಿ ಹರಿಯುವಷ್ಟು. ಮಾತು ಕೇಳಲೆಂದು ವಾಲ್ಯೂಮ್ ಏರಿಸಿದಿರೋ, ಮುಂದಿನ ಕಿರುಚಾಟಕ್ಕೆ ಮಲಗಿದ ಮಗು ಎದ್ದು ಕೂರುತ್ತದೆ. ‘ನೈಟ್ ಮೋಡ್’ ಇದ್ದರೆ ಅದನ್ನು ಹಾಕಿ, ಎರಡರ ಅಂತರ ಕಡಿಮೆಯಾಗುತ್ತದೆ. ಮೊಬೈಲುಗಳನ್ನು ಇನ್ನೊಂದು ಕೋಣೆಯಲ್ಲಿಡಿ. ಉಳಿದ ಸದ್ದುಗಳನ್ನು, ಹೆಂಚಿನ ಮೇಲೆ ಓಡುವ ಬೆಕ್ಕು, ಸೋಗೆ ಬಿದ್ದ ಸದ್ದು, ದೂರದ ಗುಮ್ಮ, ಮಲೆನಾಡು ತಾನಾಗಿಯೇ ಒದಗಿಸುತ್ತದೆ.

ತಿನ್ನಲು

ಕುರುಕುರು ಎನ್ನುವುದೆಲ್ಲ ಸಿನಿಮಾಕ್ಕೆ ಮುಂಚೆ: ಹಲಸಿನ ಹಪ್ಪಳ, ಖಾರ ಮಂಡಕ್ಕಿ. ನಡುವೆ ಬಿಸಿ ಕಷಾಯ. ಕೊಂಕಣಿ ಕ್ರೈಸ್ತರ ಮನೆಯಿಂದ ಕುಸ್ವಾರ್ ಬಂದಿದ್ದರೆ ಅದರಲ್ಲಿರುವ ಕುಲ್‌ಕುಲ್, ನೆವ್ರಿ, ರೋಸ್ ಕುಕ್ಕಿಗಳನ್ನು ಈ ರಾತ್ರಿಗಳಿಗೆ ಎತ್ತಿಡಿ.

ಮುಗಿದ ಮೇಲೆ

ಕೂಡಲೇ ದೀಪ ಆರಿಸಿ ಮಲಗಲು ಕಳಿಸಬೇಡಿ. ಅರ್ಧ ಗಂಟೆ ಕೂತು ಮಾತಾಡಿ. ತೊಂಬತ್ತರ ದಶಕದಲ್ಲಿ ಊರೂರ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರ ಕಥೆಯನ್ನು ಅಮ್ಮನ ಬಾಯಲ್ಲಿ ಕೇಳಿ, ಕ್ರಾಂಪಸ್‌ಗಿಂತ ಅದು ಹತ್ತಿರದ್ದು. ಬಚ್ಚಲು ಹೊರಗಿರುವ ಮನೆಯಾದರೆ ಅಂಗಳದ ದೀಪ ಬೆಳಗಿನವರೆಗೂ ಉರಿಯಲಿ, ಮಕ್ಕಳ ಜೊತೆ ಒಬ್ಬರು ಹೋಗಿ, ಹೆದರಿದ್ದಕ್ಕೆ ಯಾರನ್ನೂ ಆಡಿಕೊಳ್ಳಬೇಡಿ. ರಾತ್ರಿ ತೀರಾ ಹೆದರಿದ ಮಗುವಿಗೆ ಬೆಳಿಗ್ಗೆ ದೋಸೆ ತಿನ್ನುವಾಗ ಆ ಸಿನಿಮಾ ಹೇಗೆ ಮಾಡಿದರೆಂದು ತೋರಿಸಿ. ಗ್ರೆಮ್ಲಿನ್‌ಗಳೆಲ್ಲ ಕ್ರಿಸ್ ವಾಲಸ್ ಮತ್ತು ಅವರ ತಂಡ ಕೈಯಾರೆ ಮಾಡಿದ ಬೊಂಬೆಗಳು, ಅವನ್ನು ಕುಣಿಸುತ್ತಿದ್ದವರು ಮನುಷ್ಯರು. ಅದರ ವಿಡಿಯೊಗಳು ಯೂಟ್ಯೂಬಿನಲ್ಲಿ ಸಿಗುತ್ತವೆ.