ತಾರೀಖು ನೋಡಿ ಕೀರ್ತನೆ ಓದುವುದು: ನನ್ನ ಅನುಭವ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ಒಂದು ತಟ್ಟೆಯ ತುಂಬ ವಾಗ್ದಾನದ ಚೀಟಿಗಳನ್ನು, ಅಂದರೆ ಸತ್ಯವೇದದ (ಬೈಬಲಿನ) ಒಂದೊಂದು ವಚನ ಬರೆದ ಚೀಟಿಗಳನ್ನು, ಇಟ್ಟಿರುತ್ತಾರೆ. ಸಾಲಾಗಿ ಹೋಗಿ ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಳ್ಳುತ್ತೇವೆ. ನಾಲ್ಕು ವರ್ಷಗಳ ಹಿಂದೆ ನನಗೆ ಬಂದದ್ದು ಪ್ರವಾದಿ ಯೆರೆಮೀಯನ ಪುಸ್ತಕದ 29ನೆಯ ಅಧ್ಯಾಯದ 11ನೆಯ ವಚನ. ದೇವರು ನಮ್ಮ ವಿಷಯದಲ್ಲಿ ಮಾಡುವ ಯೋಚನೆಗಳು ಅಹಿತದವಲ್ಲ, ಹಿತದವು ಎಂಬ ವಚನ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಫೆಬ್ರವರಿಯಲ್ಲಿ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತುಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಾಲು ತೆಗೆಯಲು ಹೋದಾಗಲೆಲ್ಲ ಆ ಚೀಟಿ ಕಣ್ಣಿಗೆ ಬೀಳುತ್ತಿತ್ತು, ಎದೆ ಉರಿಯುತ್ತಿತ್ತು.

ಒಂದು ರಾತ್ರಿ ನಿದ್ದೆ ಬಾರದೆ ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಅಷ್ಟು ವರ್ಷ ಸಭೆಗೆ ಹೋಗಿಯೂ ನಾನು ಅದನ್ನು ಪೂರ್ತಿಯಾಗಿ ಓದಿರಲಿಲ್ಲ. ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಯೆರೆಮೀಯನು ಬರೆದು ಕಳುಹಿಸಿದ ಪತ್ರ. ನನ್ನ ಚೀಟಿಯ ವಚನಕ್ಕೆ ಹಿಂದಿನ ವಚನದಲ್ಲೇ, ಅವರು ಊರಿಗೆ ಮರಳುವುದು ಎಪ್ಪತ್ತು ವರ್ಷದ ಮೇಲೆ ಎಂಬ ಮಾತಿದೆ. ಅದಕ್ಕೂ ಮುಂಚೆ, ಇದ್ದಲ್ಲೇ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲವನ್ನು ಉಣ್ಣಿರಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬ ಅಪ್ಪಣೆಯಿದೆ. ಕಷ್ಟ ನಾಳೆಯೇ ತೀರುತ್ತದೆ ಎಂದು ಆ ಪತ್ರ ಯಾರಿಗೂ ಹೇಳಿರಲಿಲ್ಲ. ಅದನ್ನು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಿತು. ಮರುದಿನವೇ ನಡುಮನೆಯ ಸೋಫಾವನ್ನು ಹೊರಗೆ ಹಾಕಿಸಿ, ಕಿಟಕಿಯ ಬೆಳಕು ಬೀಳುವ ಕಡೆ ಅವರ ಮಂಚವನ್ನು ಹಾಕಿಸಿದೆ. ಅಲ್ಲಿಯವರೆಗೆ, ಇದೆಲ್ಲ ಹತ್ತು ಹದಿನೈದು ದಿನದ ಮಾತು ಎಂಬಂತೆ ಅವರನ್ನು ಒಳಕೋಣೆಯ ಕತ್ತಲಲ್ಲೇ ಮಲಗಿಸಿದ್ದೆ.

ಬಿಡಿ ವಚನವನ್ನು ಹುಡುಕುವುದನ್ನು ನಾನು ಬಿಟ್ಟದ್ದು ಆಗ. ಮನೆಗೆ ಬಂದು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟ ನಮ್ಮ ಸಭಾಪಾಲಕರಾದ ಅಯ್ಯನವರಿಗೆ ಇದನ್ನು ಹೇಳಿದಾಗ ಅವರು ಇಂಗ್ಲೆಂಡಿನ ಸಭೆಯ ಹಳೆಯ ಪ್ರಾರ್ಥನಾ ಪುಸ್ತಕದ ಕ್ರಮವೊಂದನ್ನು ತಿಳಿಸಿದರು. ಅದರಲ್ಲಿ ಸತ್ಯವೇದದ 150 ಕೀರ್ತನೆಗಳನ್ನು, ಅಂದರೆ ಪ್ರಾರ್ಥನೆಯ ಹಾಡುಗಳನ್ನು, ಮೂವತ್ತು ದಿನಗಳಿಗೆ, ಬೆಳಿಗ್ಗೆ ಮತ್ತು ಸಂಜೆಗೆ ಹಂಚಿದೆ. ಕ್ಯಾಲೆಂಡರಿನಲ್ಲಿ ಇಂದಿನ ತಾರೀಖು ನೋಡಿ ಆ ದಿನದ ಭಾಗವನ್ನು ತೆರೆದರಾಯಿತು. 31ನೆಯ ತಾರೀಖು ಬಂದರೆ 30ರದನ್ನೇ ಮತ್ತೊಮ್ಮೆ ಓದಬೇಕು. ಒಂದು ದಿನ ತಪ್ಪಿದರೆ ಹಿಂದಿನದನ್ನು ಓದಿ ಸರಿದೂಗಿಸುವ ಗೋಜಿಲ್ಲ, ಇಂದಿನ ತಾರೀಖಿಗೆ ಬಂದುಬಿಡುವುದು. ರೋಗಿಯಿರುವ ಮನೆಯಲ್ಲಿ ಇದು ಬಹಳ ದೊಡ್ಡ ಅನುಕೂಲ. ವರ್ಷದೊಳಗೆ ಇಡೀ ಸತ್ಯವೇದ ಓದಿ ಮುಗಿಸುವ ಯೋಜನೆಯನ್ನು ನಾನು ಮೂರು ಸಲ ಹಿಡಿದು ಮೂರು ಸಲವೂ ಮೂರನೆಯ ಪುಸ್ತಕವಾದ ಯಾಜಕಕಾಂಡದಲ್ಲಿ ಕೈಬಿಟ್ಟಿದ್ದೆ.

ಈ ಕ್ರಮದ ನಿಜವಾದ ಉಪಕಾರವೆಂದರೆ ಆಯ್ಕೆ ನನ್ನ ಕೈಯಲ್ಲಿ ಇಲ್ಲದಿರುವುದು. ನನ್ನ ಮನಸ್ಸಿಗೆ ಬಿಟ್ಟಿದ್ದರೆ ಧೈರ್ಯ ಹೇಳುವ 23, 91, 121ನೆಯ ಕೀರ್ತನೆಗಳನ್ನೇ ತಿರುಗಿ ತಿರುಗಿ ಓದುತ್ತಿದ್ದೆ. 4ನೆಯ ತಾರೀಖಿನ ಸಂಜೆಗೆ 22 ಮತ್ತು 23 ಒಟ್ಟಿಗೆ ಬರುತ್ತವೆ. ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ ಎಂದು ಕೂಗುವ, ಯೇಸು ಶಿಲುಬೆಯ ಮೇಲೆ ಬಾಯಿಗೆ ತಂದುಕೊಂಡ ಆ ಕೀರ್ತನೆಯನ್ನು ದಾಟದೆ ಕುರುಬನ ಕೀರ್ತನೆಗೆ ಹೋಗುವಂತಿಲ್ಲ. 17ರ ಬೆಳಿಗ್ಗೆ ಬರುವ 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಸಾಲು ಬರುವುದಿಲ್ಲ. ಮೊದಲ ತಿಂಗಳು ಅದನ್ನು ಓದಿ ಗಟ್ಟಿಯಾಗಿ ಅತ್ತೆ. ನಾನು ದೇವರಿಗೆ ಹೇಳಲು ಹೆದರಿದ್ದನ್ನು ದೇವರ ಪುಸ್ತಕವೇ ಹೇಳಿತ್ತು.

ನಾನು ಓದುವುದು ಅಜ್ಜಿಯ ಕಾಲದ ಹಳೆಯ ಕನ್ನಡ ಸತ್ಯವೇದವನ್ನು, ಅದೂ ಗಟ್ಟಿಯಾಗಿ. 1831ರಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಇಡೀ ಸತ್ಯವೇದವನ್ನು ಮೊದಲ ಬಾರಿಗೆ ಕನ್ನಡಕ್ಕೆ ತಂದ ಮೇಲೆ ಅನುವಾದವನ್ನು ಹಲವರು ತಿದ್ದಿದ್ದಾರೆ. ನನ್ನ ಕೈಯಲ್ಲಿರುವ ಪ್ರತಿಯಲ್ಲಿ ಈಗ ಯಾರೂ ಆಡದ ಕ್ರಿಯಾರೂಪಗಳಿವೆ. “ಯೆಹೋವನು ನನಗೆ ಕುರುಬನು, ಕೊರತೆಪಡೆನು.” ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಾಗಿ ನಾನು ಈ ‘ಪಡೆನು’ ಎಂಬ ನಿಷೇಧರೂಪದ ಮುಂದೆ ಎಷ್ಟೋ ಹೊತ್ತು ನಿಂತಿದ್ದೇನೆ. ‘ಕೊರತೆಯಾಗುವುದಿಲ್ಲ’ ಎನ್ನುವಾಗ ಕೊರತೆ ಒಂದು ಕಡೆ, ಇಲ್ಲವೆನ್ನುವುದು ಇನ್ನೊಂದು ಕಡೆ ಉಳಿಯುತ್ತದೆ; ‘ಪಡೆನು’ ಎನ್ನುವಾಗ ನಾನು ಮತ್ತು ಇಲ್ಲ ಎನ್ನುವುದು ಒಂದೇ ಮಾತಿನಲ್ಲಿ ಸೇರಿರುತ್ತವೆ. ಇನ್ನು ಕುರುಬ ಎಂಬ ಮಾತು ನಮ್ಮ ಧಾರವಾಡದ ಕಡೆಯವರಿಗೆ ದೂರದ ಚಿತ್ರವಲ್ಲ. ಸುಗ್ಗಿಯಾದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಕುರುಬನು ಕಂಬಳಿ ಹೊದ್ದು ರಾತ್ರಿಯೆಲ್ಲ ಅಲ್ಲೇ, ಕುರಿಗಳ ನಡುವೆ ಮಲಗುತ್ತಾನೆ. ಅವನು ಕುರಿಗಳಿಗೆ ತೋಳ ಬರುವುದಿಲ್ಲ ಎಂದು ಹೇಳುವುದಿಲ್ಲ, ಅಲ್ಲಿರುತ್ತಾನೆ.

ಓದಿದ ಮೇಲೆ ನೋಟುಪುಸ್ತಕದಲ್ಲಿ ಒಂದೇ ಸಾಲು ಬರೆಯುತ್ತೇನೆ: ಇಂದು ಇದರಿಂದ ನಾನು ಏನು ಮಾಡಬೇಕು. ಎಷ್ಟೋ ದಿನ ಏನೂ ತೋಚುವುದಿಲ್ಲ, ಆಗ ತಾರೀಖು ಮಾತ್ರ ಬರೆಯುತ್ತೇನೆ. ಆದರೆ ಒಮ್ಮೆ ಹೀಗಾಯಿತು. ಯಜಮಾನರ ಸ್ಕೂಟರನ್ನು ಓಣಿಯ ಹುಡುಗನೊಬ್ಬನಿಗೆ ಹದಿನೆಂಟು ಸಾವಿರಕ್ಕೆ ಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಿದ್ದೆ. ಮುಂಗಡವನ್ನೂ ತೆಗೆದುಕೊಂಡಿರಲಿಲ್ಲ. ಎರಡು ದಿನಕ್ಕೆ ಇನ್ನೊಬ್ಬರು ಬಂದು ಇಪ್ಪತ್ತೆರಡು ಎಂದರು. ನಮಗೆ ಆಗ ಫಿಸಿಯೋಥೆರಪಿಗೇ ಹಣ ಸಾಲುತ್ತಿರಲಿಲ್ಲ. ಮರುದಿನ 3ನೆಯ ತಾರೀಖು. 15ನೆಯ ಕೀರ್ತನೆಯಲ್ಲಿ, ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪದವನೇ ದೇವರ ಪರ್ವತದಲ್ಲಿ ವಾಸಿಸುವವನು ಎಂದಿತ್ತು. ಹುಡುಗನನ್ನು ಕರೆದು ಕೀಲಿಕೈ ಕೊಟ್ಟೆ. ಆ ನಾಲ್ಕು ಸಾವಿರ ಮುಂದೆ ಬೇರೆ ದಾರಿಯಿಂದೇನೂ ಬರಲಿಲ್ಲ. ಕೊಟ್ಟ ಕೈ ಮಾತ್ರ ನಡುಗಲಿಲ್ಲ.

ಮಾತಿನ ಚಿಕಿತ್ಸೆ ಕೊಡುತ್ತಿದ್ದ ಹುಡುಗಿ, ಬಾಯಿಪಾಠವಿದ್ದದ್ದನ್ನು ಹೇಳಿಸಿರಿ ಅಮ್ಮ, ವಾರಗಳು, ಎಣಿಕೆ, ಪ್ರಾರ್ಥನೆ ಯಾವುದಾದರೂ ಸರಿ ಎಂದಿದ್ದಳು. ಕೀರ್ತನೆಯ ವಚನಗಳು ಹೆಚ್ಚಾಗಿ ಎರಡು ಅರ್ಧಗಳಾಗಿರುತ್ತವೆ. ಸಭೆಯಲ್ಲಿ ಒಬ್ಬರು ಮೊದಲರ್ಧ ಹೇಳಿದರೆ ಉಳಿದವರು ಎರಡನೆಯದನ್ನು ಹೇಳುವಂತೆ ನಾವೂ ಸಂಜೆಯ ಓದನ್ನು ಹಾಗೆ ಮಾಡಿಕೊಂಡೆವು. ಎಂಟು ತಿಂಗಳು ನಾನೊಬ್ಬಳೇ ಎರಡೂ ಅರ್ಧಗಳನ್ನು ಹೇಳಿದೆ. ಈಗ 4ನೆಯ ತಾರೀಖಿನ ಸಂಜೆ ನಾನು “ಯೆಹೋವನು ನನಗೆ ಕುರುಬನು” ಎಂದು ನಿಲ್ಲಿಸುತ್ತೇನೆ. ಅವರು ಎಡಗೈಯಿಂದ ಮಂಚದ ಅಂಚನ್ನು ಹಿಡಿದುಕೊಂಡು ‘ಕೊರತೆ’ಯವರೆಗೆ ಬಂದು ತಡೆಯುತ್ತಾರೆ, ಮತ್ತೆ ಮೊದಲಿನಿಂದ ಹಿಡಿಯುತ್ತಾರೆ. ನಾನು ಮುಂದಿನ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತೇನೆ.